ಇಂಚು ಟೇಪು

ನನ್ನದು ಟೈಲರಿಂಗು. ಬಾಳೆಲೆ ರಸ್ತೆಯ ತಿರುವಿನಲ್ಲಿ
ಒಂದು ಕೋಣೆ, ಒಂದು ಮಿಷನ್ನು, ಹಿಂದುಗಡೆ ತಗಡಿನ ಗೂಡು.
ಮುಂಬಾಗಿಲಿಗೆ ಬಂದವರಿಗೆ ಕುಪ್ಪಸ,
ಹಿಂಬಾಗಿಲಲ್ಲಿ ಇದ್ದವರಿಗೆ ಕಲಗಚ್ಚು.

ಮಾರ್ಚಿನಲ್ಲಿ ನಾಲ್ಕು ಮರಿ ತಂದೆ, ಗೋಣಿಚೀಲದಲ್ಲಿ.
ಜೀಪಿನಲ್ಲಿ ದಾರಿಯುದ್ದಕ್ಕೂ ಊರಿಗೆಲ್ಲ ಕೇಳುವಂತೆ ಕಿರುಚಿ
ಗೂಡಿಗಿಳಿಸಿದ್ದೇ ಒಂದನ್ನೊಂದು ಹೊದ್ದು ಮಲಗಿದವು.
ಹೆಸರಿಡಬೇಡ ಎಂದಿದ್ದರು ಮನೆಯವರು.
ಇಡಲಿಲ್ಲ.
ಒಂದು, ಎರಡು, ಮೂರು,
ಮತ್ತೆ ಕಿವಿ ಹರಿದದ್ದು.

ರಾತ್ರಿ ಒಂಬತ್ತಕ್ಕೆ ಹಾಸ್ಟೆಲಿನ ಬಕೆಟು ಬರುತ್ತದೆ.
ಅನ್ನ, ಸಾರು, ಯಾರಿಗೂ ಬೇಡವಾದ ಉಪ್ಪಿಟ್ಟು.
ಮೊಣಕೈವರೆಗೆ ಮುಳುಗಿಸಿ ಹುಡುಕುತ್ತೇನೆ:
ಹಲ್ಲುಕಡ್ಡಿ, ಪ್ಲಾಸ್ಟಿಕ್ ಚಮಚ,
ಒಮ್ಮೆ ಒಂದು ಕಿವಿಯೋಲೆ.
ತೊಳೆದು ಕೊಟ್ಟು ಬಂದೆ. ಆ ಹುಡುಗಿ
ಅದನ್ನು ಕಾಗದದಲ್ಲಿ ಹಿಡಿದು ತೆಗೆದುಕೊಂಡಳು.

ಆಮೇಲೆ ಹಂಡೆ. ಕೆಳಗೆ ಕಾಫಿ ಗಿಡದ ಒಣಬೇರು,
ಒಳಗೆ ಕೆಸವಿನ ದಂಟು, ತೌಡು, ಹಲಸಿನ ಕಾಲಕ್ಕೆ ಹಲಸು.
ಕುದಿಸಬೇಕು. ಕುದಿಯಿತು ಅಂದ ಮೇಲೂ ಕುದಿಸಬೇಕು.
ಆಚೆ ವರ್ಷ ಜ್ವರ ಬಂದು ಉತ್ತಯ್ಯಣ್ಣನ ಗೂಡಿನಲ್ಲಿ
ಹನ್ನೊಂದು ಹಂದಿ, ಮೂರು ದಿನ.
ಜೆಸಿಬಿ ಗುಂಡಿ ತೋಡಿ ಹೋದ ಮೇಲೂ
ಸುಣ್ಣದ ಚೀಲ ಹಿಡಿದು ನಿಂತೇ ಇದ್ದ,
ಯಾವ ಕಡೆಯಿಂದ ಶುರುಮಾಡಲಿ ಎಂದು ಕೇಳುವವನ ಹಾಗೆ.

ತಕ್ಕಡಿ ನನ್ನಲ್ಲಿಲ್ಲ. ಟೇಪಿದೆ.
ದನದ ಆಸ್ಪತ್ರೆಯ ಕಾಂಪೌಂಡರ್ ಲೆಕ್ಕ ಹೇಳಿಕೊಟ್ಟರು:
ಮುಂಗಾಲ ಹಿಂದೆ ಎದೆಸುತ್ತು, ಅದನ್ನು ಅದರಿಂದಲೇ ಗುಣಿಸಿ,
ಕಿವಿಬುಡದಿಂದ ಬಾಲದ ಬುಡದವರೆಗಿನ ಉದ್ದದಿಂದ ಗುಣಿಸಿ,
ನಾನ್ನೂರರಿಂದ ಭಾಗಿಸಿದರೆ ಪೌಂಡು.
ಕಿಲೋ ಬೇಕಾದರೆ ಇನ್ನೊಂದು ಭಾಗಾಕಾರ.
ಅಳತೆ ಪುಸ್ತಕದ ಹಿಂದಿನಿಂದ ಬರೆಯುತ್ತ ಬಂದೆ.
ಮುಂದಿನ ಪುಟದಲ್ಲಿ: ಮಾಯಮ್ಮ, ಎದೆ ಮೂವತ್ತಾರು, ತೋಳು ಪೂರ್ತಿ.
ಹಿಂದಿನ ಪುಟದಲ್ಲಿ: ಕಿವಿ ಹರಿದದ್ದು, ಎದೆ ಮೂವತ್ತಾರು, ತೋಳಿಲ್ಲ.

ಕೈಲ್ ಪೊಳ್ದ್‌ಗೆ ಎಂಟು ದಿನ ಇರುವಾಗ
ಗೋಣಿಕೊಪ್ಪದ ಲ್ಯಾನ್ಸಿ ಬಂದ, ಕೊಕ್ಕೆತಕ್ಕಡಿ ಹೆಗಲಿಗೆ ಹಾಕಿಕೊಂಡು.
ಎಪ್ಪತ್ತೆರಡು, ಅಕ್ಕಾ.
ಎಂಬತ್ತು.
ನಿಮ್ಮ ಟೇಪು ಕುಪ್ಪಸಕ್ಕಿರಲಿ ಅಕ್ಕಾ, ಎಂದು ನಕ್ಕ.

ಇಪ್ಪತ್ತು ವರ್ಷದಿಂದ ಈ ರಸ್ತೆಯ ಹೆಂಗಸರೆಲ್ಲ
ಉಸಿರು ಒಳಗೆಳೆದು, ಹೊಟ್ಟೆ ಬಿಗಿಹಿಡಿದು
ನನ್ನ ಟೇಪಿಗೆ ಸುಳ್ಳು ಹೇಳಿದ್ದಾರೆ.
ಹಂದಿ ಉಸಿರು ಹಿಡಿಯುವುದಿಲ್ಲ ಲ್ಯಾನ್ಸೀ.
ನಡಿ, ಕಾಫಿ ಡಿಪೋಗೆ.

ಕಾಫಿ ಮೂಟೆ ತೂಗುವ ಹಲಗೆಯ ಮೇಲೆ ನಿಂತಿತು ಕಿವಿ ಹರಿದದ್ದು,
ಸುತ್ತಲೂ ಮೂಟೆ ಹೊರುವವರು ಬೀಡಿ ಬಿಟ್ಟು ನೋಡುವಾಗ.
ಎಂಬತ್ತೊಂದು.
ಇಳಿಸಿ ಹತ್ತಿಸಿದ. ಎಂಬತ್ತೊಂದು.
ಹೊಟ್ಟೆಯಲ್ಲಿ ಕಲಗಚ್ಚಿದೆ, ಒಂದು ಕಿಲೋ ಬಿಡಿ ಎಂದ.
ಬಿಟ್ಟೆ.

ಮೂರನ್ನು ಹೇಗೆ ಹತ್ತಿಸಿದರೋ ನೆನಪಿಲ್ಲ.
ನಾಲ್ಕನೆಯದಕ್ಕೆ ಹಗ್ಗ ಬಿಗಿಯಲು ಬಗ್ಗಿದೆ,
ಕೊರಳಲ್ಲಿ ಟೇಪು ಜೋತಾಡುತ್ತಿತ್ತು.
ನನ್ನ ಕೈ ಮೂಸಿತು. ಕಿರುಚಲಿಲ್ಲ.
ಟೇಪಿನ ತುದಿ ಬಾಯಿಗೆ ಹಾಕಿ
ಕೆಸವಿನ ದಂಟು ಅಗಿದ ಹಾಗೆ ಅಗಿಯಿತು.
ಎಳೆದುಕೊಂಡೆ. ಮೂರು ಇಂಚು ಅದರೊಳಗೇ ಹೋಯಿತು.

ಗೂಡು ಈಗ ಖಾಲಿ. ಸುಣ್ಣ ಬಳಿದಿದ್ದೇನೆ.
ಬಕೆಟು ಬೇಡವೆಂದು ಹೇಳಿ ಕಳಿಸಿದರೂ
ಒಂಬತ್ತು ಗಂಟೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ.

ನಿನ್ನೆ ಚೋಂದಮ್ಮನ ಮಗಳು ಬಂದಿದ್ದಳು,
ಮದುವೆಯ ಕೆಂಪು ರೇಷ್ಮೆ ಎದೆಗವುಚಿಕೊಂಡು.
ಊಟಕ್ಕೆ ಲ್ಯಾನ್ಸಿಗೇ ಹೇಳಿದ್ದೇವೆ ಆಂಟಿ,
ಕಾಚಂಪುಳಿ ಮಾತ್ರ ನಮ್ಮ ಮನೆಯದ್ದು ಎಂದಳು.
ಟೇಪು ಸುತ್ತಿದೆ. ಉಸಿರು ಹಿಡಿದಳು.
ಬಿಡು ಮಗಳೇ ಎಂದೆ.
ಬಿಟ್ಟಳು. ಕೆಳಗೆ ನೋಡಿ,
ಇದೇನು, ಮೂರರಿಂದ ಶುರುವಾಗುತ್ತದೆ?

ಇಪ್ಪತ್ತು ರೂಪಾಯಿಗೆ ಹೊಸದು ಸಿಗುತ್ತದೆ, ಗೊತ್ತು.
ಓದಿದ್ದರಲ್ಲಿ ಮೂರು ಕಳೆದು
ಪುಸ್ತಕದ ಮುಂದಿನ ಪುಟದಲ್ಲಿ ಬರೆದುಕೊಂಡೆ.